ಉತ್ತರದ ಸಮುದ್ರದಾರಿ ತೆರೆದಿದೆ, ಬೀಗದ ಕೈ ಯಾರ ಬಳಿ?

1597ರ ನವೆಂಬರ್ 1ರಂದು ಹನ್ನೆರಡು ಮಂದಿ ನಾವಿಕರು ಆಮ್‌ಸ್ಟರ್‌ಡ್ಯಾಮ್‌ಗೆ ಮರಳಿದರು. ತಲೆಗೆ ಬಿಳಿ ನರಿಯ ಚರ್ಮದ ಟೋಪಿ, ಮೈಮೇಲೆ ಧ್ರುವದ ಚಳಿಯಲ್ಲಿ ತೊಟ್ಟಿದ್ದ ಅದೇ ಬಟ್ಟೆ. ಒಂದೂವರೆ ವರ್ಷದ ಹಿಂದೆ ಉತ್ತರದ ಕಡಲಲ್ಲಿ ಚೀನಾಕ್ಕೆ ಹೋಗುತ್ತೇವೆಂದು ಹೊರಟವರು ಸತ್ತೇಹೋದರೆಂದು ಊರು ಎಣಿಸಿಯಾಗಿತ್ತು. ದಾರಿ ಹುಡುಕುವ ಹೊಣೆ ಹೊತ್ತಿದ್ದ ವಿಲ್ಲೆಮ್ ಬ್ಯಾರೆಂಟ್ಸ್ ಮಾತ್ರ ಅವರ ಜೊತೆಗಿರಲಿಲ್ಲ. ಆತ ಜೂನ್ 20ರಂದೇ ರಷ್ಯಾದ ಉತ್ತರದ ನೋವಾಯಾ ಜೆಮ್ಲ್ಯಾ ದ್ವೀಪದ ಕರಾವಳಿಯಲ್ಲಿ ತೀರಿಕೊಂಡಿದ್ದ.

ಅದೇ ವರ್ಷದ ಆಗಸ್ಟ್‌ನಲ್ಲಿ ಹಾಲೆಂಡಿಗೆ ಇನ್ನೊಂದು ತಂಡ ಹಿಂತಿರುಗಿತ್ತು. ಕೊರ್ನೆಲಿಸ್ ಡಿ ಹೌಟ್‌ಮನ್‌ನ ಹಡಗುಗಳು ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿ ಜಾವಾ ತಲುಪಿ ಬಂದಿದ್ದವು. ಆ ಯಾನವೇನೂ ಸುಖದ್ದಲ್ಲ. ಹೊರಟವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸತ್ತಿದ್ದರು, ತಂದ ಮೆಣಸೂ ಅಷ್ಟಕ್ಕಷ್ಟೆ. ಆದರೆ ವ್ಯಾಪಾರಿಗಳಿಗೆ ಬೇಕಿದ್ದ ಉತ್ತರ ಸಿಕ್ಕಿತ್ತು. ದಕ್ಷಿಣದ ದಾರಿ ಉದ್ದ, ಆದರೆ ಹೋದ ಹಡಗು ಮರಳಿ ಬರುತ್ತದೆ. ಐದೇ ವರ್ಷದಲ್ಲಿ, 1602ರಲ್ಲಿ, ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು. ಹಣವೆಲ್ಲ ದಕ್ಷಿಣದ ಕಡೆಗೆ ಹರಿಯಿತು.

ಈಗ 2025ಕ್ಕೆ ಬನ್ನಿ. ಸೆಪ್ಟೆಂಬರ್ ಕೊನೆಯ ವಾರ ಚೀನಾದ ನಿಂಗ್ಬೋ ಬಂದರಿನಿಂದ ಹೊರಟ ‘ಇಸ್ತಾಂಬುಲ್ ಬ್ರಿಡ್ಜ್’ ಎಂಬ ಕಂಟೇನರ್ ಹಡಗು ರಷ್ಯಾದ ಉತ್ತರ ಕರಾವಳಿ ಹಿಡಿದು ಸುಮಾರು 20 ದಿನಗಳಲ್ಲಿ ಇಂಗ್ಲೆಂಡಿನ ಫೆಲಿಕ್ಸ್‌ಸ್ಟೋ ಮುಟ್ಟಿತು. ಸೂಯೆಜ್ ಕಾಲುವೆಯ ಹಾದಿಗೆ ಬೇಕಾಗುವ ಕಾಲದ ಹೆಚ್ಚುಕಡಿಮೆ ಅರ್ಧ. ‘ಹೊಸ ಸೂಯೆಜ್’ ಎಂಬ ತಲೆಬರಹಗಳು ಮತ್ತೆ ಎದ್ದವು. ಕೆಂಪು ಸಮುದ್ರದಲ್ಲಿ 2023ರ ನವೆಂಬರ್‌ನಿಂದ ಹೌತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಮಾಡತೊಡಗಿದ ಮೇಲೆ ಇಂಥ ತಲೆಬರಹಗಳಿಗೆ ಬೇಡಿಕೆಯೂ ಹೆಚ್ಚಿದೆ. ನನಗೆ ಕಾಣುವಂತೆ ಈ ಸಂಭ್ರಮ ತಪ್ಪು ಪ್ರಶ್ನೆಗೆ ಸಿಕ್ಕ ಉತ್ತರ. ಉತ್ತರದಲ್ಲಿ ದಾರಿ ಇದೆಯೇ ಎಂಬುದು ಬ್ಯಾರೆಂಟ್ಸ್‌ನ ಪ್ರಶ್ನೆ, ಅದು 1879ರಲ್ಲೇ ಬಗೆಹರಿಯಿತು. ಈಗ ಕೇಳಬೇಕಾದದ್ದು ಆ ದಾರಿಯಲ್ಲಿ ಹೋಗಲು ಯಾರ ಅಪ್ಪಣೆ ಬೇಕು, ಮತ್ತು ಆ ಅಪ್ಪಣೆಯ ಅಧಿಕಾರ ಎಲ್ಲಿಂದ ಬಂತು ಎಂದು. ಈ ಜಗಳದ ಒಂದು ಬೇರು ಬ್ಯಾರೆಂಟ್ಸ್‌ನ ಹಡಗಿನಲ್ಲೇ ಇತ್ತು ಎಂಬುದು ಚರಿತ್ರೆಯ ಚೋದ್ಯ.

ಡಚ್ಚರು ಉತ್ತರಕ್ಕೆ ಮುಖ ಮಾಡಿದ್ದು ಸಾಹಸದ ಹುಚ್ಚಿನಿಂದಲ್ಲ. ಸ್ಪೇನಿನ ದೊರೆ ಎರಡನೇ ಫಿಲಿಪ್ 1580ರಲ್ಲಿ ಪೋರ್ಚುಗಲ್ಲಿನ ಸಿಂಹಾಸನವನ್ನೂ ಏರಿದ. ಅವನ ವಿರುದ್ಧ ದಂಗೆ ಎದ್ದಿದ್ದ ಡಚ್ ಪ್ರಾಂತ್ಯಗಳ ಹಡಗುಗಳಿಗೆ ಮಸಾಲೆ ಸಿಗುತ್ತಿದ್ದ ಲಿಸ್ಬನ್‌ನ ಬಾಗಿಲು ಆಗಾಗ ಮುಚ್ಚತೊಡಗಿತು. ಆಫ್ರಿಕ ಸುತ್ತುವ ದಾರಿಯ ಉದ್ದಕ್ಕೂ ಪೋರ್ಚುಗೀಸರ ಕೋಟೆಗಳು. ಶತ್ರುವಿನ ಕಣ್ಣಿಗೆ ಬೀಳದೆ ಏಷ್ಯಾ ಮುಟ್ಟಬೇಕಿದ್ದರೆ ಉಳಿದದ್ದು ಉತ್ತರ ದಿಕ್ಕು.

ಇಲ್ಲಿ ನಮ್ಮ ಕರಾವಳಿಯೂ ಇಣುಕುತ್ತದೆ. ಬ್ಯಾರೆಂಟ್ಸ್ ಜೊತೆ 1594 ಮತ್ತು 1595ರ ಯಾನಗಳಿಗೆ ಹೊರಟ ತಂಡದಲ್ಲಿ ಯಾನ್ ಹ್ಯೂಯ್ಗನ್ ಫಾನ್ ಲಿನ್ಸ್‌ಖೋಟನ್ ಇದ್ದ. 1583ರಿಂದ ಸುಮಾರು ಐದು ವರ್ಷ ಗೋವಾದ ಆರ್ಚ್‌ಬಿಷಪ್ಪರ ಬಳಿ ಲೆಕ್ಕಪತ್ರ ನೋಡಿಕೊಂಡಿದ್ದ ಈತ, ಪೋರ್ಚುಗೀಸರ ಸಮುದ್ರದಾರಿಯ ಗುಟ್ಟುಗಳನ್ನೆಲ್ಲ ಬರೆದಿಟ್ಟುಕೊಂಡು ಊರಿಗೆ ಮರಳಿದ್ದ. ಹೊನ್ನಾವರ, ಬಸರೂರು, ಮಂಗಳೂರಿನ ಕೋಟೆಗಳ ವಿವರವೂ ಅವನ ಪುಸ್ತಕದಲ್ಲಿದೆ. ಆಗ ಈ ಕರಾವಳಿಯ ಮೆಣಸಿನ ವ್ಯಾಪಾರ ಪೋರ್ಚುಗೀಸರೇ ‘ಮೆಣಸಿನ ರಾಣಿ’ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕೈಯಲ್ಲಿತ್ತು. ಧ್ರುವದ ಮಂಜುಗಡ್ಡೆಯಲ್ಲಿ ಡಚ್ಚರು ಅರಸಿದ್ದು ಚೀನಾವನ್ನಾದರೂ, ಅವರ ಹಸಿವಿನ ಒಂದು ತುದಿ ಶರಾವತಿಯ ಕಾಡಿನ ಮೆಣಸಿನ ಬಳ್ಳಿಯವರೆಗೆ ಚಾಚಿತ್ತು. ಲಿನ್ಸ್‌ಖೋಟನ್ ಬರೆದದ್ದನ್ನು ಆಮೇಲೆ ಬಳಸಿಕೊಂಡವರು ದಕ್ಷಿಣದ ದಾರಿಯವರೇ.

ಉತ್ತರದಲ್ಲಿ ದಾರಿ ಇದ್ದೇ ಇದೆ ಎಂದು ನಂಬಿಸಿದ ಮುಖ್ಯ ವ್ಯಕ್ತಿ ಆಮ್‌ಸ್ಟರ್‌ಡ್ಯಾಮಿನ ಪಾದ್ರಿ, ನಕಾಶೆಕಾರ ಪೆಟ್ರುಸ್ ಪ್ಲಾನ್ಸಿಯುಸ್. ಬೇಸಿಗೆಯಲ್ಲಿ ಧ್ರುವದ ಬಳಿ ಸೂರ್ಯ ತಿಂಗಳುಗಟ್ಟಲೆ ಮುಳುಗುವುದಿಲ್ಲ. ಉಪ್ಪುನೀರಿನ ಆಳ ಸಮುದ್ರ ಹೆಪ್ಪುಗಟ್ಟದು. ಮಂಜುಗಡ್ಡೆ ಇರುವುದು ನದಿ ಸೇರುವ ದಡದ ಅಂಚಿನಲ್ಲಷ್ಟೆ. ಆದ್ದರಿಂದ ದಡ ಬಿಟ್ಟು ಇನ್ನಷ್ಟು ಉತ್ತರಕ್ಕೆ ಹೋದರೆ ತೆರೆದ ಕಡಲು ಸಿಗಬೇಕು. ಇದು ಅವನ ವಾದ. ಈಗ ನಗು ಬರಬಹುದು, ಆದರೆ ಅಂದಿನ ಅರಿವಿನ ಮಿತಿಯಲ್ಲಿ ಇದು ಸರಿಯಾದ ತರ್ಕವೇ. ಸೂರ್ಯನ ಕಿರಣ ಓರೆಯಾಗಿ ಬೀಳುತ್ತದೆ, ಬಿಳಿ ಮಂಜುಗಡ್ಡೆ ಬಿದ್ದ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಉಪ್ಪುನೀರು ಮೈನಸ್ 1.8 ಡಿಗ್ರಿಯ ಹತ್ತಿರ ಹೆಪ್ಪುಗಟ್ಟುತ್ತದೆ ಎಂಬುದನ್ನು ಲೆಕ್ಕ ಹಾಕಿ ಹೇಳುವವರು ಆಗ ಇರಲಿಲ್ಲ.

ಬ್ಯಾರೆಂಟ್ಸ್ ಮೂರು ಸಲ ಹೋದ. 1594ರಲ್ಲಿ ನೋವಾಯಾ ಜೆಮ್ಲ್ಯಾದ ಪಶ್ಚಿಮ ಕರಾವಳಿ ಹಿಡಿದು ಅದರ ಉತ್ತರ ತುದಿಯ ತನಕ ಹೋಗಿ ಮಂಜುಗಡ್ಡೆಗೆ ಸೋತು ಮರಳಿದ. ಜೊತೆಗಿದ್ದ ಇತರ ಹಡಗುಗಳು ದಕ್ಷಿಣದ ಜಲಸಂಧಿ ದಾಟಿ ಆ ದ್ವೀಪದ ಪೂರ್ವಕ್ಕಿರುವ ಕಾರಾ ಸಮುದ್ರಕ್ಕೆ ಇಣುಕಿ, ಮುಂದೆ ತೆರೆದ ನೀರು ಕಂಡು ಹಿಗ್ಗಿ ಬಂದವು. ಆ ಹಿಗ್ಗಿನಲ್ಲೇ 1595ರಲ್ಲಿ ಏಳು ಹಡಗುಗಳಿಗೆ ಸರಕು ತುಂಬಿಸಿ ಕಳಿಸಿದರು. ಈ ಬಾರಿ ಅದೇ ಜಲಸಂಧಿಯ ಆಚೆ ಮಂಜುಗಡ್ಡೆ ಗೋಡೆಯಾಗಿ ನಿಂತಿತ್ತು. ಒಂದು ವರ್ಷ ತೆರೆದದ್ದು ಮರುವರ್ಷ ಮುಚ್ಚಿರುತ್ತದೆ ಎಂಬ ಈ ಅನುಭವವನ್ನು ನೆನಪಿನಲ್ಲಿಡಿ, ಕಂಟೇನರ್ ಹಡಗಿನ ಮಾತು ಬಂದಾಗ ಬೇಕಾಗುತ್ತದೆ. ಸರ್ಕಾರ ಮುಂದೆ ಹಣ ಹೂಡಲು ಒಪ್ಪಲಿಲ್ಲ, ದಾರಿ ಕಂಡುಹಿಡಿದವರಿಗೆ ಬಹುಮಾನ ಕೊಡುತ್ತೇನೆಂದು ಮಾತ್ರ ಹೇಳಿತು. 1596ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರ ಎರಡು ಹಡಗುಗಳನ್ನು ಸಜ್ಜುಗೊಳಿಸಿತು. ಒಂದಕ್ಕೆ ಯಾಕೋಬ್ ಫಾನ್ ಹೇಮ್ಸ್‌ಕೆರ್ಕ್ ಕ್ಯಾಪ್ಟನ್, ಬ್ಯಾರೆಂಟ್ಸ್ ಮಾರ್ಗದರ್ಶಕ. ಇನ್ನೊಂದಕ್ಕೆ ಯಾನ್ ರೈಪ್. ಜೂನ್‌ನಲ್ಲಿ ಅವರು ಸ್ಪಿಟ್ಸ್‌ಬರ್ಗೆನ್ ದ್ವೀಪವನ್ನು ಕಂಡರು. ಆಮೇಲೆ ಯಾವ ಕಡೆ ಹೋಗಬೇಕೆಂಬುದರಲ್ಲಿ ಒಮ್ಮತ ಬಾರದೆ ಹಡಗುಗಳು ಬೇರೆಯಾದವು.

ಆಗಸ್ಟ್ ಕೊನೆಗೆ ಬ್ಯಾರೆಂಟ್ಸ್‌ನ ಹಡಗು ನೋವಾಯಾ ಜೆಮ್ಲ್ಯಾದ ಉತ್ತರ ತುದಿಯನ್ನು ಸುತ್ತಿ ಪೂರ್ವದ ದಡದಲ್ಲಿ ಮಂಜುಗಡ್ಡೆಗೆ ಸಿಕ್ಕಿಬಿತ್ತು. ಹದಿನೇಳು ಜನ. ಮರವೇ ಬೆಳೆಯದ ಆ ದ್ವೀಪದಲ್ಲಿ ಸೈಬೀರಿಯದ ನದಿಗಳಿಂದ ತೇಲಿ ಬಂದ ದಿಮ್ಮಿಗಳು ದಡಕ್ಕೆ ಬಿದ್ದಿದ್ದವು. ಅವನ್ನೂ ಹಡಗಿನ ಹಲಗೆಗಳನ್ನೂ ಸೇರಿಸಿ ಒಂದು ಮನೆ ಕಟ್ಟಿದರು. ಬಡಗಿಯೇ ಮನೆ ಮುಗಿಯುವ ಮೊದಲು ಸತ್ತ. ಒಳಗೆ ಬೆಂಕಿ ಉರಿಯುತ್ತಿದ್ದರೂ ಗೋಡೆಯ ಮೇಲೆ ಮಂಜು ಕಟ್ಟುತ್ತಿತ್ತು, ವೈನ್ ಗಟ್ಟಿಯಾಗುತ್ತಿತ್ತು, ಗಡಿಯಾರ ನಿಂತುಹೋಯಿತು. ಹನ್ನೆರಡು ಗಂಟೆಯ ಮರಳು ಗಡಿಯಾರವನ್ನು ತಿರುಗಿಸುತ್ತ ದಿನ ಎಣಿಸಿದರು. ಡಿಸೆಂಬರ್‌ನಲ್ಲಿ ಒಂದು ರಾತ್ರಿ ಹಡಗಿನ ಕಲ್ಲಿದ್ದಲು ತಂದು ಹೊತ್ತಿಸಿ, ಬಿಸಿ ಹೋಗದಿರಲೆಂದು ಹೊಗೆಗಂಡಿಯನ್ನೂ ಮುಚ್ಚಿಬಿಟ್ಟರು. ಎಲ್ಲರೂ ತಲೆ ಸುತ್ತಿ ಬೀಳುವಷ್ಟರಲ್ಲಿ ಒಬ್ಬ ಹೇಗೋ ಬಾಗಿಲು ತೆರೆದದ್ದರಿಂದ ಬದುಕಿದರು. ಬೋನಿಗೆ ಬಿದ್ದ ಬಿಳಿ ನರಿಗಳ ಹಸಿ ಮಾಂಸ ಸ್ಕರ್ವಿ ರೋಗವನ್ನು ಸ್ವಲ್ಪವಾದರೂ ತಡೆಯಿತು. ವಿಟಮಿನ್ ಸಿ ಎಂಬ ಹೆಸರು ಹುಟ್ಟಲು ಇನ್ನೂ ಮುನ್ನೂರು ವರ್ಷ ಬೇಕಿತ್ತು.

ಜನವರಿ 24ರಂದು ಅವರಿಗೆ ದಿಗಂತದಲ್ಲಿ ಸೂರ್ಯನ ಅಂಚು ಕಂಡಿತು. ಲೆಕ್ಕದ ಪ್ರಕಾರ ಅದು ಬರಬೇಕಾದದ್ದು ಸುಮಾರು ಎರಡು ವಾರ ತಡವಾಗಿ. ದಿನಚರಿ ಬರೆದ ಖೆರ್ರಿಟ್ ಡಿ ಫೇರ್ ಇದನ್ನು 1598ರಲ್ಲಿ ಪ್ರಕಟಿಸಿದಾಗ, ಕತ್ತಲಲ್ಲಿ ದಿನ ಎಣಿಸುವಾಗ ಎಡವಿದ್ದಾನೆ ಎಂದು ಬಲ್ಲವರೇ ಜರೆದರು. ನಿಜವಾಗಿ ಅವನು ಎಡವಿರಲಿಲ್ಲ. ನೆಲದ ಬಳಿ ತೀರಾ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯ ಗಾಳಿ ಪದರಗಟ್ಟಿದಾಗ ಬೆಳಕು ಭೂಮಿಯ ಬಾಗಿಗೆ ತಕ್ಕಂತೆ ಬಾಗಿ, ದಿಗಂತದ ಕೆಳಗಿರುವ ಸೂರ್ಯನನ್ನು ಮೇಲೆತ್ತಿ ತೋರಿಸುತ್ತದೆ. ಭೌತವಿಜ್ಞಾನದಲ್ಲಿ ಇದಕ್ಕೆ ಇಂದಿಗೂ ‘ನೋವಾಯಾ ಜೆಮ್ಲ್ಯಾ ಪರಿಣಾಮ’ ಎಂದೇ ಹೆಸರು.

ಜೂನ್ ಮಧ್ಯದಲ್ಲಿ ಹಡಗನ್ನು ಬಿಟ್ಟು ಎರಡು ತೆರೆದ ದೋಣಿಗಳಲ್ಲಿ ಹೊರಟರು. ವಾರದೊಳಗೆ ಬ್ಯಾರೆಂಟ್ಸ್ ಸತ್ತ. ಉಳಿದವರು ದಕ್ಷಿಣಕ್ಕೆ ಸಾಗುತ್ತ ರಷ್ಯನ್ ಮೀನುಗಾರರ ದೋಣಿಗಳನ್ನು ಸಂಧಿಸಿದರು. ಅವರು ಹಿಂದಿನ ಯಾನದಲ್ಲಿ ಕಂಡ ಮುಖಗಳನ್ನು ಗುರುತಿಸಿ ರೊಟ್ಟಿ ಕೊಟ್ಟರು. ಕೊನೆಗೆ ರಷ್ಯಾದ ಕೋಲಾ ಊರಿನಲ್ಲಿ ಸಿಕ್ಕವನು ಅದೇ ಯಾನ್ ರೈಪ್. ಅವನ ಹಡಗಿನಲ್ಲೇ ಊರು ಸೇರಿದರು.

ರೊಟ್ಟಿ ಕೊಟ್ಟವರ ಕಡೆ ಸ್ವಲ್ಪ ನೋಡಬೇಕು. ಬಿಳಿ ಸಮುದ್ರದ ಕರಾವಳಿಯ ಪೊಮೊರ್ ಜನ ಡಚ್ಚರು ಬರುವ ಮೊದಲೇ ಈ ನೀರಿನಲ್ಲಿ ಬೇಟೆಗೂ ವ್ಯಾಪಾರಕ್ಕೂ ಓಡಾಡುತ್ತಿದ್ದರು. ನೆನೆಟ್ಸ್ ಜನಾಂಗದವರು ಆ ದಡಗಳಲ್ಲಿ ಹಿಮಸಾರಂಗ ಮೇಯಿಸಿಕೊಂಡು ಬದುಕಿದ್ದರು. ಪೊಮೊರ್‌ಗಳು ಮಂಜುಗಡ್ಡೆಗೆ ಒಗ್ಗುವ ದೋಣಿಗಳಲ್ಲಿ, ಅಲ್ಲಲ್ಲಿ ನೆಲದ ಮೇಲೆ ಎಳೆದುಕೊಂಡು, ಸೈಬೀರಿಯದ ತುಪ್ಪಳದ ಪೇಟೆ ಮಂಗಝೆಯಾ ತನಕ ಹೋಗುತ್ತಿದ್ದರು. 1619ರಲ್ಲಿ ರಷ್ಯಾದ ದೊರೆ ಜಾರ್ ಈ ಸಮುದ್ರದಾರಿಯನ್ನೇ ನಿಷೇಧಿಸಿದ. ಕಾರಣ ಮಂಜುಗಡ್ಡೆಯಲ್ಲ. ಇದೇ ದಾರಿ ಹಿಡಿದು ವಿದೇಶಿ ವ್ಯಾಪಾರಿಗಳು ಸೈಬೀರಿಯಕ್ಕೆ ನುಗ್ಗಿಯಾರು, ತುಪ್ಪಳದ ಸುಂಕ ಕೈತಪ್ಪೀತು ಎಂಬ ಅಂಜಿಕೆ. ಉತ್ತರದ ಕಡಲನ್ನು ಮಾಸ್ಕೊ ನೋಡುವ ರೀತಿ ಆ ಹೊತ್ತಿಗೇ ಗಟ್ಟಿಯಾಗಿತ್ತು ಎನ್ನಬೇಕು.

ಇನ್ನು ಹೇಮ್ಸ್‌ಕೆರ್ಕ್. ಮಂಜುಗಡ್ಡೆಯಿಂದ ಬದುಕಿ ಬಂದ ಈ ಕ್ಯಾಪ್ಟನ್ ಆಮೇಲೆ ದಕ್ಷಿಣದ ದಾರಿಯಲ್ಲೇ ಏಷ್ಯಾಕ್ಕೆ ಬಂದ. 1603ರಲ್ಲಿ ಸಿಂಗಪುರದ ಬಳಿ ಪೋರ್ಚುಗೀಸರ ‘ಸಾಂತಾ ಕಾತರೀನಾ’ ಹಡಗನ್ನು ಹಿಡಿದು ಅದರ ಸರಕನ್ನೆಲ್ಲ ದೋಚಿದ. ಇದು ಯುದ್ಧವೇ, ಕಡಲ್ಗಳ್ಳತನವೇ ಎಂಬ ಪ್ರಶ್ನೆ ಎದ್ದಾಗ ಡಚ್ ಕಂಪನಿ ಹ್ಯೂಗೊ ಗ್ರೋಷಿಯಸ್ ಎಂಬ ಎಳೆಯ ವಕೀಲನಿಗೆ ಸಮರ್ಥನೆ ಬರೆಯಲು ಹೇಳಿತು. ಅದರ ಒಂದು ಅಧ್ಯಾಯ 1609ರಲ್ಲಿ ‘ಮಾರೆ ಲಿಬೆರುಮ್’ ಎಂಬ ಹೆಸರಿನಲ್ಲಿ ಹೊರಬಂತು. ಸಮುದ್ರ ಯಾರ ಸ್ವತ್ತೂ ಅಲ್ಲ, ಅದರಲ್ಲಿ ಓಡಾಡಲು ಯಾರೂ ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ ಎಂಬ ವಾದ ಅದು. ಇಂದಿನ ಸಮುದ್ರ ಕಾನೂನಿನ ಒಂದು ತಳಪಾಯ. ದರೋಡೆಯ ಸಮರ್ಥನೆಗೆ ಬರೆಸಿದ ವಾದವೇ ಜಗತ್ತಿಗೆ ದೊಡ್ಡ ತತ್ವವಾದದ್ದನ್ನು ನೋಡಿದರೆ, ತತ್ವಗಳ ಹುಟ್ಟನ್ನು ಬಹಳ ಕೆದಕಬಾರದು ಅನ್ನಿಸುತ್ತದೆ.

ಅಪ್ಪಣೆ ಬೇಡವೆನ್ನುವ ಗ್ರೋಷಿಯಸ್‌ನದು, ದಾರಿಯನ್ನೇ ಮುಚ್ಚುವ ಜಾರ್‌ನದು, ಹೀಗೆ ಎರಡು ನಿಲುವುಗಳು ಹದಿನೇಳನೇ ಶತಮಾನದ ಮೊದಲ ಇಪ್ಪತ್ತು ವರ್ಷಗಳಲ್ಲೇ ಎದುರಾಬದುರಾಗಿ ನಿಂತವು. ಮುಂದಿನದನ್ನು ಬೇಗ ಹೇಳಬಹುದು. ಫಿನ್ಲೆಂಡಿನಲ್ಲಿ ಹುಟ್ಟಿದ ನೂರ್ಡೆನ್‌ಷೋಲ್ಡ್ ‘ವೇಗಾ’ ಎಂಬ ಹಡಗಿನಲ್ಲಿ 1878ರಲ್ಲಿ ಹೊರಟು, ಬೇರಿಂಗ್ ಜಲಸಂಧಿ ಕೈಗೆಟುಕುವಷ್ಟು ಹತ್ತಿರದಲ್ಲಿ ಮಂಜುಗಡ್ಡೆಗೆ ಸಿಕ್ಕಿ, ಚಳಿಗಾಲ ಕಳೆದು 1879ರಲ್ಲಿ ದಾರಿ ಪೂರೈಸಿದ. 1932ರಲ್ಲಿ ಸೋವಿಯತ್ತರ ‘ಸಿಬಿರ್ಯಕೋವ್’ ಹಡಗು ಒಂದೇ ಋತುವಿನಲ್ಲಿ ದಾಟಿತು, ಅದೇ ವರ್ಷ ಈ ದಾರಿಯ ಆಡಳಿತಕ್ಕೆಂದೇ ಇಲಾಖೆ ಹುಟ್ಟಿತು. 1959ರಲ್ಲಿ ಪರಮಾಣು ಶಕ್ತಿಯ ಐಸ್‌ಬ್ರೇಕರ್, ಅಂದರೆ ಮಂಜುಗಡ್ಡೆ ಒಡೆದು ದಾರಿ ಮಾಡುವ ಹಡಗು, ‘ಲೆನಿನ್’ ಬಂತು. ಬ್ಯಾರೆಂಟ್ಸ್ ಚಳಿಗಾಲ ಕಳೆದ ನೋವಾಯಾ ಜೆಮ್ಲ್ಯಾ ಅಣ್ವಸ್ತ್ರ ಪರೀಕ್ಷೆಯ ನೆಲವಾಯಿತು. ಮನುಷ್ಯ ಸಿಡಿಸಿದ ಅತಿ ದೊಡ್ಡ ಬಾಂಬು 1961ರ ಅಕ್ಟೋಬರ್ 30ರಂದು ಸಿಡಿದದ್ದು ಅಲ್ಲೇ. ವಿದೇಶಿ ಹಡಗುಗಳಿಗೆ ದಾರಿ ವಿಧಿವತ್ತಾಗಿ ತೆರೆದದ್ದು 1991ರಲ್ಲಿ.

ಈಗ ಲೆಕ್ಕಕ್ಕೆ ಬರೋಣ. ರಾಟರ್‌ಡ್ಯಾಮಿನಿಂದ ಜಪಾನಿನ ಯೋಕೊಹಾಮಕ್ಕೆ ಸೂಯೆಜ್ ಮೂಲಕ ಸುಮಾರು 20,000 ಕಿ.ಮೀ., ಉತ್ತರದಿಂದ ಹೋದರೆ ಸುಮಾರು 13,500. ಆರ್ಕ್‌ಟಿಕ್‌ನ ಮಂಜುಗಡ್ಡೆ ಸೆಪ್ಟೆಂಬರ್‌ನಲ್ಲಿ ಅತಿ ಕಡಿಮೆಗೆ ಇಳಿಯುತ್ತದೆ; 1980ರ ಸುಮಾರಿಗೆ ಅದು 70 ಲಕ್ಷ ಚದರ ಕಿ.ಮೀ. ಆಸುಪಾಸಿನಲ್ಲಿತ್ತು, 2012ರಲ್ಲಿ 34 ಲಕ್ಷಕ್ಕೆ ಇಳಿಯಿತು. ದಾರಿ ಹತ್ತಿರ, ಮಂಜು ಕಡಿಮೆ. ಹಾಗಿದ್ದರೆ ಹಡಗುಗಳು ಸಾಲುಗಟ್ಟಬೇಕಿತ್ತು. ಸಾಲುಗಟ್ಟಿಲ್ಲ. ಜಾಗತಿಕ ವ್ಯಾಪಾರದ ಸುಮಾರು ಶೇ 12ರಷ್ಟನ್ನು ಹೊರುತ್ತಿದ್ದ ಸೂಯೆಜ್‌ನಲ್ಲಿ ಕೆಂಪು ಸಮುದ್ರದ ಗಲಾಟೆಗೆ ಮುನ್ನ ವರ್ಷಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹಡಗುಗಳು ದಾಟುತ್ತಿದ್ದವು. ಉತ್ತರದ ದಾರಿಯನ್ನು 2024ರಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಿದ ಯಾನಗಳು ನೂರರ ಒಳಗೆ. ಆ ವರ್ಷ ಅಲ್ಲಿ ಸಾಗಿದ ಸರಕು ಒಟ್ಟು ಸುಮಾರು 3.8 ಕೋಟಿ ಟನ್. ವ್ಲಾದಿಮಿರ್ ಪುಟಿನ್ 2018ರಲ್ಲಿ ಇಟ್ಟುಕೊಂಡಿದ್ದ ಗುರಿ 2024ರೊಳಗೆ 8 ಕೋಟಿ ಟನ್.

ಆ 3.8 ಕೋಟಿಯಲ್ಲೂ ತುದಿಯಿಂದ ತುದಿಗೆ ದಾಟುವ ದಾರಿಹೋಕರ ಸರಕು ಸುಮಾರು 30 ಲಕ್ಷ ಟನ್ ಮಾತ್ರ. ಉಳಿದದ್ದರ ಬಹುಪಾಲು ರಷ್ಯಾ ತನ್ನದೇ ಆರ್ಕ್‌ಟಿಕ್ ನೆಲದಿಂದ ಹೊರಸಾಗಿಸುವ ದ್ರವೀಕೃತ ಅನಿಲ ಮತ್ತು ತೈಲ, ಜೊತೆಗೆ ಆ ಗಣಿ, ಘಟಕಗಳಿಗೆ ಬೇಕಾದ ಸಾಮಾನು. ಯಮಾಲ್ ಪರ್ಯಾಯ ದ್ವೀಪದ ಸಬೆಟ್ಟಾದಲ್ಲಿ 2017ರ ಕೊನೆಗೆ ಅನಿಲ ಘಟಕ ಶುರುವಾದ ಮೇಲೆ ಅಂಕಿ ಏರಿದ್ದು. ಹಾಗಾಗಿ ಇದನ್ನು ಸೂಯೆಜ್‌ಗೆ ಹೋಲಿಸುವುದೇ ಸರಿಯಲ್ಲ. ಇದು ಸದ್ಯಕ್ಕೆ ಹೆದ್ದಾರಿಯಲ್ಲ, ಗಣಿಯಿಂದ ಬಂದರಿಗೆ ಹಾಕಿದ ಸ್ವಂತ ರಸ್ತೆ.

ಕಂಟೇನರ್ ಕಂಪನಿಗಳು ದೂರ ಉಳಿದದ್ದಕ್ಕೆ ಕಾರಣ 1595ರ ಏಳು ಹಡಗುಗಳ ಕಾರಣವೇ. ಅಂಗಡಿಗೆ ಸರಕು ಹೊರುವ ಹಡಗು ವೇಗಕ್ಕಿಂತ ಹೆಚ್ಚಾಗಿ ಹೇಳಿದ ದಿನ ಮುಟ್ಟುವುದನ್ನು ಮಾರುತ್ತದೆ. ಉತ್ತರದ ಋತು ಬೇಸಿಗೆಯ ಕೊನೆಯ ಕೆಲವು ತಿಂಗಳು ಮಾತ್ರ, ಅದರ ಆರಂಭ, ಕೊನೆ ಎರಡೂ ಪ್ರತಿವರ್ಷ ಬದಲು. 2021ರ ನವೆಂಬರ್‌ನಲ್ಲಿ ಮಂಜುಗಡ್ಡೆ ನಿರೀಕ್ಷೆಗಿಂತ ಬೇಗ ಕಟ್ಟಿ ಹಲವು ಹಡಗುಗಳು ಸಿಕ್ಕಿಬಿದ್ದವು, ಐಸ್‌ಬ್ರೇಕರ್‌ಗಳು ಹೋಗಿ ಬಿಡಿಸಬೇಕಾಯಿತು. ದಾರಿಯ ನಡುವಿನ ನ್ಯೂ ಸೈಬೀರಿಯನ್ ದ್ವೀಪಗಳ ಬಳಿಯ ಸಾನ್ನಿಕೋವ್ ಜಲಸಂಧಿಯ ಆಳ 13 ಮೀಟರ್ ಆಸುಪಾಸು. ಏಷ್ಯಾ–ಯುರೋಪ್ ನಡುವೆ ಓಡುವ ದೈತ್ಯ ಕಂಟೇನರ್ ಹಡಗು ಅಲ್ಲಿ ತಳ ಮುಟ್ಟುತ್ತದೆ. ದ್ವೀಪಗಳ ಉತ್ತರಕ್ಕೆ ಹೋದರೆ ಆಳವಿದೆ, ಮಂಜುಗಡ್ಡೆಯೂ ಇದೆ. ದಾರಿಯಲ್ಲಿ ಸರಕು ಇಳಿಸಿ ಏರಿಸುವ ಪೇಟೆಗಳಿಲ್ಲ. ವಿಮೆ ದುಬಾರಿ, ರಕ್ಷಣಾ ವ್ಯವಸ್ಥೆ ತೆಳು. ಮರ್ಸ್ಕ್ ಕಂಪನಿ 2018ರಲ್ಲಿ ಒಂದು ಹಡಗು ಕಳಿಸಿ ನೋಡಿತು, ಇದು ಪ್ರಯೋಗವೇ ಹೊರತು ಈಗಿನ ದಾರಿಗೆ ಬದಲಿಯಲ್ಲ ಎಂದಿತು. ಎಂಎಸ್‌ಸಿ, ಸಿಎಂಎ ಸಿಜಿಎಂ, ಹಪಾಗ್ ಲಾಯ್ಡ್ ಪರಿಸರದ ಕಾರಣ ಕೊಟ್ಟು ಈ ದಾರಿಯೇ ಬೇಡ ಎಂದವು. ಉಕ್ರೇನ್ ಯುದ್ಧದ ನಿರ್ಬಂಧಗಳು ಬಂದ ಮೇಲೆ ಉಳಿದ ಗಿರಾಕಿ ಮುಖ್ಯವಾಗಿ ಚೀನಾ.

ಅಪ್ಪಣೆಯ ಪ್ರಶ್ನೆ ಇನ್ನೂ ತೊಡಕಿನದು. ಈ ದಾರಿಯಲ್ಲಿ ಹೋಗುವ ಹಡಗು ರಷ್ಯಾದ ಅನುಮತಿ ಪಡೆಯಬೇಕು, ಮಂಜುಗಡ್ಡೆಯ ಸ್ಥಿತಿ ನೋಡಿ ಐಸ್‌ಬ್ರೇಕರ್ ಜೊತೆಗಿರಬೇಕು, ಅದಕ್ಕೆ ಹಣ ತೆರಬೇಕು. 2018ರಿಂದ ಉಸ್ತುವಾರಿ ಪರಮಾಣು ನಿಗಮ ರೊಸಾಟಮ್‌ನದು. ರಷ್ಯಾ ಹಿಡಿದಿರುವ ಕಾನೂನು 1982ರ ವಿಶ್ವಸಂಸ್ಥೆ ಸಮುದ್ರ ಕಾನೂನು ಒಪ್ಪಂದದ 234ನೇ ವಿಧಿ. ವರ್ಷದ ಹೆಚ್ಚಿನ ಕಾಲ ಮಂಜುಗಡ್ಡೆ ಮುಚ್ಚಿರುವ ಕಡೆ, ಮಾಲಿನ್ಯ ತಡೆಯಲು, ಕರಾವಳಿ ದೇಶ ತನ್ನ 200 ನಾಟಿಕಲ್ ಮೈಲಿ ವಲಯದಲ್ಲಿ ತಾರತಮ್ಯವಿಲ್ಲದ ನಿಯಮ ಮಾಡಬಹುದು ಎನ್ನುತ್ತದೆ ಅದು. ಕೆಲವು ಜಲಸಂಧಿಗಳನ್ನಂತೂ ರಷ್ಯಾ ತನ್ನ ಒಳನೀರೆಂದೇ ಹೇಳುತ್ತದೆ. ಅವು ಅಂತರರಾಷ್ಟ್ರೀಯ ಜಲಸಂಧಿಗಳು, ದಾಟಲು ಅಪ್ಪಣೆ ಬೇಕಿಲ್ಲ ಎಂಬುದು ಅಮೆರಿಕದ ಹಳೆಯ ವಾದ. 1967ರಲ್ಲಿ ಅಮೆರಿಕದ ಎರಡು ಐಸ್‌ಬ್ರೇಕರ್‌ಗಳು ವಿಲ್ಕಿಟ್ಸ್ಕಿ ಜಲಸಂಧಿಯ ಬಳಿ ಬಂದು ಸೋವಿಯತ್ ವಿರೋಧದಿಂದ ಹಿಂದಿರುಗಿದ್ದವು.

ಈಗ ಗಮನಿಸಿ. ರಷ್ಯಾದ ವ್ಯಾಪಾರದ ಕನಸು ನಿಂತಿರುವುದು ಮಂಜುಗಡ್ಡೆ ಕರಗುವುದರ ಮೇಲೆ, ಅದರ ಕಾನೂನಿನ ಹಕ್ಕು ನಿಂತಿರುವುದು ಮಂಜುಗಡ್ಡೆ ಇರುವುದರ ಮೇಲೆ. ‘ವರ್ಷದ ಹೆಚ್ಚಿನ ಕಾಲ’ ಎಂದರೆ ಎಷ್ಟು ತಿಂಗಳು ಎಂದು ವಿಧಿ ಹೇಳುವುದಿಲ್ಲ. ಕಾರಾ ಸಮುದ್ರದ ಪಶ್ಚಿಮ ಭಾಗದಲ್ಲಿ ಮಂಜಿಲ್ಲದ ತಿಂಗಳುಗಳು ಹೆಚ್ಚಿದಷ್ಟೂ ಈ ಪ್ರಶ್ನೆಗೆ ಹರಿತ ಬರುತ್ತದೆ. ಮಾಸ್ಕೊಗೆ ಇದು ಗೊತ್ತಿಲ್ಲದ್ದೇನಲ್ಲ. ಐಸ್‌ಬ್ರೇಕರ್, ಬಂದರು, ಸೇನಾನೆಲೆ, ದಶಕಗಳ ಆಡಳಿತ ಇವನ್ನೆಲ್ಲ ಮುಂದಿಟ್ಟು ‘ನಡೆಸಿಕೊಂಡು ಬಂದವರು ನಾವು’ ಎಂಬ ಇನ್ನೊಂದು ಹಕ್ಕನ್ನು ಅದು ಕಟ್ಟುತ್ತಲೇ ಇದೆ. ಅನುಮತಿ ಕೇಳಿ, ಶುಲ್ಕ ಕಟ್ಟಿ ದಾಟುವ ಪ್ರತಿ ವಿದೇಶಿ ಹಡಗೂ ಆ ಹಕ್ಕಿಗೆ ಒಂದು ಸಾಕ್ಷಿ.

ಭಾರತ ಈ ಚಿತ್ರದಲ್ಲಿ ಎಲ್ಲಿದೆ? ದೂರದ ಲೆಕ್ಕದಲ್ಲಿ ನಮಗೆ ಈ ದಾರಿಯಿಂದ ಯುರೋಪಿಗೆ ಲಾಭವಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ಮಂಗಳೂರಿನಿಂದ ಇಟಲಿಗೋ ಜರ್ಮನಿಗೋ ಹೋಗಬೇಕಾದರೆ ಉತ್ತರದ ಹಾದಿ ಸೂಯೆಜ್‌ಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚು ಉದ್ದ. ಕೆಂಪು ಸಮುದ್ರ ಮುಚ್ಚಿದಾಗಲೂ ಉತ್ತರಕ್ಕಿಂತ ಆಫ್ರಿಕ ಸುತ್ತುವ ದಾರಿಯೇ ಹತ್ತಿರ. ನಮ್ಮಲ್ಲಿ ಕೆಲವರು ಉತ್ತರದ ದಾರಿಯನ್ನು ಸೂಯೆಜ್‌ಗೆ ಪರ್ಯಾಯ ಎಂದು ಬರೆಯುವಾಗ ಭೂಗೋಳವನ್ನು ಚೀನಾದ ಬಂದರಿನಲ್ಲಿ ನಿಂತು ನೋಡುತ್ತಾರೆ. ದೆಹಲಿಯ ಆಸಕ್ತಿ ಬೇರೆ. ರಷ್ಯಾದ ತೈಲ, ಅನಿಲ, ಕಲ್ಲಿದ್ದಲು. 2019ರಲ್ಲಿ ಒಪ್ಪಿದ ಚೆನ್ನೈ–ವ್ಲಾದಿವಸ್ತೊಕ್ ಮಾರ್ಗವನ್ನು ಉತ್ತರಕ್ಕೆ ಜೋಡಿಸುವುದು. ಮತ್ತು ಆರ್ಕ್‌ಟಿಕ್ ಪೂರ್ತಿ ರಷ್ಯಾ–ಚೀನಾ ಜೋಡಿಯ ಅಂಗಳವಾಗದಂತೆ ಅಲ್ಲೊಂದು ಕಾಲಿಟ್ಟಿರುವುದು. 2024ರ ಅಕ್ಟೋಬರ್‌ನಲ್ಲಿ ಉತ್ತರದ ದಾರಿಯ ಬಗ್ಗೆ ಎರಡೂ ದೇಶಗಳ ಕಾರ್ಯಗುಂಪು ಮೊದಲ ಸಲ ದೆಹಲಿಯಲ್ಲಿ ಸೇರಿತು. 2025ರ ಡಿಸೆಂಬರ್‌ನಲ್ಲಿ ಪುಟಿನ್ ಬಂದಾಗ ಧ್ರುವದ ನೀರಿನಲ್ಲಿ ಹಡಗು ನಡೆಸುವ ತರಬೇತಿಗೂ ಒಪ್ಪಂದವಾಯಿತು.

ವಿಜ್ಞಾನದ ಕಾರಣ ಇವೆಲ್ಲಕ್ಕಿಂತ ಹಳೆಯದು, ನನ್ನ ಮಟ್ಟಿಗೆ ಹೆಚ್ಚು ಗಟ್ಟಿಯಾದದ್ದು. ಭಾರತದ ‘ಹಿಮಾದ್ರಿ’ ಸಂಶೋಧನಾ ನೆಲೆ 2008ರಿಂದ ಇರುವುದು ಸ್ಪಿಟ್ಸ್‌ಬರ್ಗೆನ್‌ನಲ್ಲೇ. ಅದನ್ನು ನಡೆಸುವ ಧ್ರುವ ಸಂಶೋಧನಾ ಕೇಂದ್ರ ಇರುವುದು ಗೋವಾದಲ್ಲಿ. ಕಾರಾ ಸಮುದ್ರದ ಬೇಸಿಗೆಯ ಮಂಜುಗಡ್ಡೆ ಇಳಿಯುವುದಕ್ಕೂ ಮಧ್ಯ ಭಾರತದಲ್ಲಿ ಸೆಪ್ಟೆಂಬರ್‌ನ ಅತಿಮಳೆಗೂ ನಂಟಿರಬಹುದೇ ಎಂಬುದನ್ನು ಅಲ್ಲಿನ ವಿಜ್ಞಾನಿಗಳು ಪರಿಶೀಲಿಸಿದ್ದಾರೆ.

ಕಾನೂನಿನ ವಿಷಯದಲ್ಲಿ ಮಾತ್ರ ದೆಹಲಿಯ ಸ್ಥಿತಿ ಇಬ್ಬಂದಿ. ದಕ್ಷಿಣ ಚೀನಾ ಸಮುದ್ರದ ಮಾತು ಬಂದಾಗ ಭಾರತ ಮುಕ್ತ ಸಂಚಾರದ ಪರ. ಆದರೆ 1995ರಲ್ಲಿ ಸಮುದ್ರ ಕಾನೂನನ್ನು ಒಪ್ಪುವಾಗ, ತನ್ನ 200 ನಾಟಿಕಲ್ ಮೈಲಿಯ ಆರ್ಥಿಕ ವಲಯದಲ್ಲಿ ಬೇರೆ ದೇಶಗಳು ಕೇಳದೆ ಸೇನಾ ಕವಾಯತು ನಡೆಸಕೂಡದು ಎಂದು ಘೋಷಿಸಿದ್ದೂ ಭಾರತವೇ. 2021ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧನೌಕೆ ‘ಜಾನ್ ಪಾಲ್ ಜೋನ್ಸ್’ ಲಕ್ಷದ್ವೀಪದ ಪಶ್ಚಿಮಕ್ಕೆ 130 ನಾಟಿಕಲ್ ಮೈಲಿ ದೂರದಲ್ಲಿ, ಅಪ್ಪಣೆ ಕೇಳದೆ ಸಾಗಿ, ಹಾಗೆ ಸಾಗಿದ್ದನ್ನು ಬಹಿರಂಗವಾಗಿ ಹೇಳಿಕೊಂಡಾಗ ದೆಹಲಿ ತನ್ನ ಆಕ್ಷೇಪ ತಿಳಿಸಿತು. ಅಂದರೆ ಮಂಜುಗಡ್ಡೆಯ ಜಗಳದಲ್ಲಿ ಭಾರತ ಗ್ರೋಷಿಯಸ್‌ನ ಪಕ್ಷವನ್ನೂ ಪೂರ್ತಿ ಹಿಡಿಯಲಾರದು, ಜಾರ್‌ನ ಪಕ್ಷವನ್ನೂ ಪೂರ್ತಿ ಬಿಡಲಾರದು. ತರಬೇತಿ ಪಡೆದ ಭಾರತೀಯ ನಾವಿಕರ ಮೊದಲ ಹಡಗು ಕಾರಾ ಸಮುದ್ರಕ್ಕೆ ಹೋಗುವ ಮುನ್ನ ರಷ್ಯಾದ ಅನುಮತಿ ಅರ್ಜಿ ತುಂಬಬೇಕಾಗುತ್ತದೆ. ಆ ಅರ್ಜಿಯನ್ನು ಬರೀ ವ್ಯವಹಾರದ ಕಾಗದವೆಂದು ಸಲ್ಲಿಸುವುದೋ, ರಷ್ಯಾದ ಹಕ್ಕನ್ನು ಒಪ್ಪಿದ ಹಾಗಲ್ಲವೆಂದು ಒಂದು ಸಾಲು ಸೇರಿಸುವುದೋ ಎಂಬುದನ್ನು ದೆಹಲಿ ಈಗಲೇ ಯೋಚಿಸಿಟ್ಟುಕೊಳ್ಳಬೇಕು.